ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆ: ನಿಮ್ಮ ಊರಲ್ಲಿ, ಬಡಾವಣೆಯಲ್ಲಿ ನಡೆಸುವುದು ಹೇಗೆ?

ಮಲದಲ್ಲಿ ರಕ್ತ ಕಂಡರೆ ನಮ್ಮ ಕಡೆ ಮೊದಲು ಬರುವ ಮಾತು "ಪೈಲ್ಸ್ ಇರಬೇಕು". ಖಾರ ಬಿಡುತ್ತಾರೆ, ಮೆಡಿಕಲ್ ಶಾಪಿನಿಂದ ಮುಲಾಮು ತರುತ್ತಾರೆ, ಗೋಡೆ ಮೇಲೆ ಬರೆದಿರುವ ಮೂಲವ್ಯಾಧಿ ಚಿಕಿತ್ಸೆಯ ನಂಬರಿಗೆ ಫೋನ್ ಮಾಡುತ್ತಾರೆ. ಹೆಚ್ಚಿನ ಸಲ ಅದು ಪೈಲ್ಸೇ ಆಗಿರುತ್ತದೆ, ನಿಜ. ಆದರೆ ಕೆಲವರಿಗೆ ಅದು ದೊಡ್ಡ ಕರುಳಿನ ಅಥವಾ ಗುದನಾಳದ ಕ್ಯಾನ್ಸರ್. ಬರೀ ರಕ್ತ ನೋಡಿ ಇದು ಯಾವುದು ಅಂತ ಯಾರೂ ಹೇಳಲಾರರು. ಮುಲಾಮು ಹಚ್ಚಿಕೊಂಡು ಕಳೆದ ತಿಂಗಳುಗಳಲ್ಲಿ ಗಡ್ಡೆ ಬೆಳೆದಿರುತ್ತದೆ. ಆಸ್ಪತ್ರೆಗೆ ಬರುವ ಹೊತ್ತಿಗೆ ಸುಲಭವಾಗಿ ಮುಗಿಯಬೇಕಿದ್ದ ಚಿಕಿತ್ಸೆ ದೊಡ್ಡ ಆಪರೇಷನ್, ಕೀಮೋ, ರೇಡಿಯೇಷನ್ ತನಕ ಹೋಗಿರುತ್ತದೆ.

ಈ ಬರಹ ಕಾಯಿಲೆ ಬಗ್ಗೆ ತಿಳಿದುಕೊಳ್ಳಲು ಮಾತ್ರ ಅಲ್ಲ. ಹತ್ತು ಜನರಿಗೆ ತಪಾಸಣೆ ಮಾಡಿಸಬೇಕು ಅಂತ ಹೊರಟವರಿಗೆ ಇದು. ನೀವು ಆಶಾ ಕಾರ್ಯಕರ್ತೆ ಇರಬಹುದು, ಸ್ವಸಹಾಯ ಸಂಘದವರು ಇರಬಹುದು, ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ, ಫ್ಯಾಕ್ಟರಿಯ ಎಚ್ಆರ್, ಇಲ್ಲವೇ ಮನೆಯಲ್ಲಿ ಒಬ್ಬರನ್ನು ಈ ಕಾಯಿಲೆಗೆ ಕಳೆದುಕೊಂಡವರು ಇರಬಹುದು. ನಾನು ಇಲ್ಲಿ ಒತ್ತಿ ಹೇಳುವುದು ಒಂದೇ ಮಾತು. ಬ್ಯಾನರ್, ಭಾಷಣ, ಜಾಥಾಗಳಿಂದ ಜನರಿಗೆ ವಿಷಯ ತಿಳಿಯುತ್ತದೆ, ಅಷ್ಟೇ. ತಪಾಸಣೆ ಆಗುವುದು ಒಬ್ಬರು ಇನ್ನೊಬ್ಬರ ಬೆನ್ನು ಹತ್ತಿ ಕೇಳಿದಾಗ.

ಮೊದಲು ಇಷ್ಟು ಗೊತ್ತಿರಲಿ

ಚರ್ಮದ ಮೇಲೆ ನರಹುಲಿ ಏಳುವ ಹಾಗೆ ಕರುಳಿನ ಒಳಗೋಡೆಯಲ್ಲೂ ಸಣ್ಣ ಗಂಟುಗಳು ಏಳುತ್ತವೆ. ಇವಕ್ಕೆ ಪಾಲಿಪ್ ಅನ್ನುತ್ತಾರೆ. ಎಲ್ಲ ಪಾಲಿಪ್ ಕ್ಯಾನ್ಸರ್ ಆಗುವುದಿಲ್ಲ. ಆದರೆ ಕರುಳಿನ ಕ್ಯಾನ್ಸರ್ ಬಹುಪಾಲು ಶುರುವಾಗುವುದು ಪಾಲಿಪ್‌ನಿಂದಲೇ. ಅದು ಕ್ಯಾನ್ಸರ್ ಆಗಿ ಬೆಳೆಯಲು ಸಾಮಾನ್ಯವಾಗಿ 10 ವರ್ಷದಷ್ಟು ಸಮಯ ಹಿಡಿಯುತ್ತದೆ. ಅಷ್ಟರೊಳಗೆ ಕಂಡುಹಿಡಿದು ತೆಗೆದುಬಿಟ್ಟರೆ ಕ್ಯಾನ್ಸರ್ ಬರುವುದೇ ತಪ್ಪುತ್ತದೆ. ಇಷ್ಟು ದೊಡ್ಡ ಅವಕಾಶ ಕೊಡುವ ಕ್ಯಾನ್ಸರ್‌ಗಳು ಕಡಿಮೆ. ಆದರೂ 2020ರಲ್ಲಿ ಪ್ರಪಂಚದಲ್ಲಿ ಸುಮಾರು 19 ಲಕ್ಷ ಜನರಿಗೆ ಹೊಸದಾಗಿ ಇದು ಬಂತು, 9 ಲಕ್ಷಕ್ಕೂ ಜಾಸ್ತಿ ಜನ ತೀರಿಕೊಂಡರು.

ತಪಾಸಣೆಗೆ ಮುಖ್ಯವಾಗಿ ಎರಡು ದಾರಿ. ಒಂದು, ಮಲದಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಇದೆಯಾ ಅಂತ ನೋಡುವ ಫಿಟ್ (FIT) ಪರೀಕ್ಷೆ. ಮನೆಯಲ್ಲೇ ಮಾದರಿ ತೆಗೆದು ಕೊಡಬಹುದು, ಊಟದಲ್ಲಿ ಪಥ್ಯ ಬೇಕಿಲ್ಲ. ಇನ್ನೊಂದು ಕೊಲೊನೋಸ್ಕೋಪಿ. ತುದಿಯಲ್ಲಿ ಕ್ಯಾಮರಾ ಇರುವ ಕೊಳವೆಯನ್ನು ಗುದದ್ವಾರದಿಂದ ಒಳಗೆ ಬಿಟ್ಟು ಇಡೀ ದೊಡ್ಡ ಕರುಳನ್ನು ನೋಡುತ್ತಾರೆ. ಪಾಲಿಪ್ ಸಿಕ್ಕರೆ ಸಾಮಾನ್ಯವಾಗಿ ಅಲ್ಲೇ ತೆಗೆಯುತ್ತಾರೆ. ಫಿಟ್ ಮಾಡಿಸುವವರು ಪ್ರತಿ ವರ್ಷ ಇಲ್ಲವೇ ಎರಡು ವರ್ಷಕ್ಕೊಮ್ಮೆ ಮಾಡಿಸಬೇಕು. ಕೊಲೊನೋಸ್ಕೋಪಿಯಲ್ಲಿ ಏನೂ ಸಿಗದಿದ್ದರೆ, ಬೇರೆ ಅಪಾಯ ಇಲ್ಲದವರು ಸಾಮಾನ್ಯವಾಗಿ 10 ವರ್ಷದ ತನಕ ಮತ್ತೆ ಮಾಡಿಸಬೇಕಾಗುವುದಿಲ್ಲ.

ಲ್ಯಾಬ್‌ನಲ್ಲಿ ಒಂದು ಮಾತು ಕೇಳಿ ತಿಳಿದುಕೊಳ್ಳಿ. "ಸ್ಟೂಲ್ ಅಕಲ್ಟ್ ಬ್ಲಡ್" ಅಂತ ಎಷ್ಟೋ ಕಡೆ ಮಾಡುವುದು ಹಳೇ ಬಗೆಯ ಪರೀಕ್ಷೆ. ಅದಕ್ಕೆ ಮಾಂಸ, ವಿಟಮಿನ್ ಸಿ ಮಾತ್ರೆ ಬಿಡಬೇಕಾಗುತ್ತದೆ, ಒಂದಕ್ಕಿಂತ ಜಾಸ್ತಿ ಮಾದರಿ ಬೇಕಾಗುತ್ತದೆ. ಫಿಟ್ ಮನುಷ್ಯರ ರಕ್ತವನ್ನು ಮಾತ್ರ ಗುರುತಿಸುತ್ತದೆ. ಎರಡೂ ಸಿಗುವ ಕಡೆ ಫಿಟ್ ಅನ್ನೇ ಕೇಳಿ.

ಹಂತ 1: ಕೊನೆಯಿಂದ ಶುರು ಮಾಡಿ

ಹೆಚ್ಚಿನವರು ಮೊದಲು ಫಿಟ್ ಕಿಟ್ ತರಿಸುತ್ತಾರೆ. ಹಾಗೆ ಮಾಡಬೇಡಿ. ಫಿಟ್ ಪಾಸಿಟಿವ್ ಬಂದವರಿಗೆ ಕೊಲೊನೋಸ್ಕೋಪಿ ಆಗಲೇಬೇಕು. ಅದನ್ನು ಎಲ್ಲಿ ಮಾಡಿಸುವುದು, ಯಾರು ಮಾಡುತ್ತಾರೆ, ಎಷ್ಟು ದಿನ ಕಾಯಬೇಕು, ದುಡ್ಡು ಎಷ್ಟು, ಅದನ್ನು ಕೊಡುವವರು ಯಾರು? ಇವಕ್ಕೆ ಉತ್ತರ ಸಿಗುವ ತನಕ ಒಂದು ಕಿಟ್ಟನ್ನೂ ಹಂಚಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. "ನಿಮ್ಮ ಮಲದಲ್ಲಿ ರಕ್ತ ಇದೆ" ಅಂತ ಚೀಟಿ ಕೊಟ್ಟು ಕೈಬಿಟ್ಟರೆ ಆ ಮನುಷ್ಯನ ನಿದ್ದೆ ಕೆಡಿಸಿದ ಹಾಗಾಯಿತೇ ಹೊರತು ಆರೋಗ್ಯ ಕಾಪಾಡಿದ ಹಾಗಾಗಲಿಲ್ಲ.

ಜಿಲ್ಲೆಯಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದ್ದರೆ ಮೊದಲು ಅಲ್ಲಿ ಸರ್ಜರಿ ಅಥವಾ ಗ್ಯಾಸ್ಟ್ರೋಎಂಟರಾಲಜಿ (ಹೊಟ್ಟೆ, ಕರುಳಿನ ಕಾಯಿಲೆ) ವಿಭಾಗದವರನ್ನು ಕಂಡು ಮಾತಾಡಿ. "ತಿಂಗಳಿಗೆ ನಾಲ್ಕೈದು ಜನರನ್ನು ಕಳಿಸಿದರೆ ಡೇಟ್ ಕೊಡುತ್ತೀರಾ?" ಅಂತ ನೇರವಾಗಿ ಕೇಳಿ. ಕ್ಯಾನ್ಸರ್ ಅಂತ ಗೊತ್ತಾದವರನ್ನು ಎಲ್ಲಿಗೆ ಕಳಿಸುವುದು ಅನ್ನುವುದೂ ಮೊದಲೇ ತೀರ್ಮಾನ ಆಗಿರಲಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಇದೆ, ನಿಮಗೆ ಹತ್ತಿರದ ಬೇರೆ ಕ್ಯಾನ್ಸರ್ ಆಸ್ಪತ್ರೆಗಳೂ ಇರಬಹುದು. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆಯ ನೆರವು ಸಿಗುತ್ತದೆ. ಆದರೆ ಯಾವ ಪರೀಕ್ಷೆ ಯೋಜನೆಯ ಒಳಗೆ ಬರುತ್ತದೆ, ಯಾವುದಕ್ಕೆ ಕೈಯಿಂದ ಕೊಡಬೇಕು, ಯಾವ ರೆಫರಲ್ ಚೀಟಿ ಬೇಕು ಅನ್ನುವುದನ್ನು ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರ ಹತ್ತಿರ ಕೂತು ಬರೆದುಕೊಳ್ಳಿ. ಆಮೇಲೆ ಜನ ಕೇಳುವುದು ಇದನ್ನೇ.

ಹಂತ 2: ಯಾರನ್ನು ಕರೆಯಬೇಕು?

ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಇದೆ. ಕರುಳಿನ ಕ್ಯಾನ್ಸರ್ ಆ ಪಟ್ಟಿಯಲ್ಲಿಲ್ಲ. ಇದಕ್ಕೊಂದು ಕಾರಣ ಇದೆ. ಅಮೆರಿಕ, ಯೂರೋಪಿಗೆ ಹೋಲಿಸಿದರೆ ನಮ್ಮಲ್ಲಿ ಇದು ಬರುವ ಪ್ರಮಾಣ ಕಡಿಮೆ. ಹಾಗಾಗಿ ಊರಿನ ಎಲ್ಲರಿಗೂ ಕಿಟ್ ಹಂಚುವುದಕ್ಕೆ ಕೈ ಹಾಕಬೇಡಿ. ನಾನಾದರೆ ಈ ಸಾಲಿನಲ್ಲಿ ಹೋಗುತ್ತೇನೆ.

ಎಲ್ಲರಿಗಿಂತ ಮೊದಲು, ತೊಂದರೆ ಕಾಣಿಸಿಕೊಂಡವರು. ಮಲದಲ್ಲಿ ರಕ್ತ, ವಾರಗಟ್ಟಲೆ ಬದಲಾಗಿರುವ ಮಲವಿಸರ್ಜನೆ, ಹೋಗಿ ಬಂದರೂ ಇನ್ನೂ ಇದೆ ಅನ್ನಿಸುವುದು, ಕಾರಣ ಇಲ್ಲದೆ ತೂಕ ಇಳಿಯುವುದು. ಗಂಡಸರಲ್ಲಿ ಮತ್ತು ಮುಟ್ಟು ನಿಂತ ಹೆಂಗಸರಲ್ಲಿ ಕಾರಣ ಗೊತ್ತಿಲ್ಲದ ರಕ್ತಹೀನತೆಯೂ ಇದೇ ಸಾಲಿಗೆ ಸೇರುತ್ತದೆ. ಐರನ್ ಮಾತ್ರೆ ಕೊಟ್ಟು ಸುಮ್ಮನಾಗುವುದೇ ಜಾಸ್ತಿ, ಅಲ್ವಾ? ಇವರಿಗೆ ನಿಮ್ಮ ಕಿಟ್ ಬೇಡ. ಇವರು ನೇರವಾಗಿ ಡಾಕ್ಟರ ಹತ್ತಿರ ಹೋಗಬೇಕು. ವಯಸ್ಸು 30 ಇದ್ದರೂ ಅಷ್ಟೇ. ನಮ್ಮ ದೇಶದಲ್ಲಿ 50 ಆಗದವರಲ್ಲೂ ಈ ಕ್ಯಾನ್ಸರ್ ಸಾಕಷ್ಟು ಕಾಣುತ್ತದೆ, ಅದರಲ್ಲೂ ಗುದನಾಳದ್ದು.

ಆಮೇಲೆ, ಮನೆಯಲ್ಲಿ ಈ ಕಾಯಿಲೆ ಬಂದವರ ಒಡಹುಟ್ಟಿದವರು ಮತ್ತು ಮಕ್ಕಳು. ಇವರು 40ನೇ ವಯಸ್ಸಿಗೆ, ಅಥವಾ ಕಾಯಿಲೆ ಬಂದವರಿಗೆ ಅದು ಪತ್ತೆಯಾದ ವಯಸ್ಸಿಗಿಂತ 10 ವರ್ಷ ಮೊದಲೇ ಕೊಲೊನೋಸ್ಕೋಪಿ ಬಗ್ಗೆ ಡಾಕ್ಟರನ್ನು ಕೇಳಬೇಕು. ಎರಡರಲ್ಲಿ ಯಾವುದು ಮೊದಲೋ ಅದು. ಅಪ್ಪನಿಗೆ 44ಕ್ಕೆ ಗೊತ್ತಾಗಿದ್ದರೆ ಮಗಳಿಗೆ 34. ಒಂದೇ ಮನೆತನದಲ್ಲಿ ಕರುಳು, ಗರ್ಭಕೋಶದ ಕ್ಯಾನ್ಸರ್ ಮೂರ್ನಾಲ್ಕು ಜನರಿಗೆ ಬಂದಿದ್ದರೆ ಲಿಂಚ್ ಸಿಂಡ್ರೋಮ್ ಅನ್ನುವ ವಂಶಪಾರಂಪರ್ಯ ತೊಂದರೆ ಇರಬಹುದು. ಅಂಥವರಿಗೆ ತಪಾಸಣೆ ಇನ್ನೂ ಬೇಗ ಶುರುವಾಗಬೇಕು. ಕ್ಯಾನ್ಸರ್ ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಯ ಪಕ್ಕ ಕೂತಿರುವ ತಮ್ಮನಿಗೆ ಈ ಮಾತು ಹೇಳುವವರು ಎಷ್ಟೋ ಸಲ ಇರುವುದೇ ಇಲ್ಲ. ನಿಮ್ಮ ಗುಂಪು ಈ ಒಂದು ಕೆಲಸ ಮಾಡಿದರೂ ದೊಡ್ಡದು.

ಇವೆರಡೂ ನಡೆಯುತ್ತಿವೆ ಅಂತಾದ ಮೇಲೆ 50ರಿಂದ 75 ವಯಸ್ಸಿನ ಆರೋಗ್ಯವಂತರಿಗೆ ಫಿಟ್. ಅಮೆರಿಕದಲ್ಲಿ 2021ರಿಂದ ಇದನ್ನು 45ಕ್ಕೆ ಇಳಿಸಿದ್ದಾರೆ. ನಮ್ಮಲ್ಲಿ ಕೈಯಲ್ಲಿರುವ ದುಡ್ಡು ಕಡಿಮೆಯಾದ್ದರಿಂದ 50 ಸರಿ.

ಹಂತ 3: ಮಾತು ಶುರು ಮಾಡುವುದು

ಕಷ್ಟದ ಹಂತ ಇದೇ. ಮಲದ ಬಗ್ಗೆ ಮಾತಾಡಲು ನಮ್ಮವರಿಗೆ ನಾಚಿಕೆ. ಸಭೆಯಲ್ಲಿ ಮೈಕ್ ಹಿಡಿದು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಹೆಂಗಸರ ಹತ್ತಿರ ಹೆಂಗಸರು, ಗಂಡಸರ ಹತ್ತಿರ ಗಂಡಸರು ಮಾತಾಡಲಿ. ಒಬ್ಬೊಬ್ಬರೇ ಸಿಕ್ಕಾಗ ಮಾತಾಡಲಿ. ಬಿಪಿ, ಶುಗರ್ ನೋಡಲು ಮನೆಗೆ ಹೋದಾಗ ಕೊನೆಗೆ ಒಂದು ಪ್ರಶ್ನೆ ಸೇರಿಸುವುದು ಎಲ್ಲಕ್ಕಿಂತ ಸುಲಭ. ಮಾತು ಹೀಗಿರಲಿ:

"ಅಣ್ಣ, ಹೊರಕಡೆ ಹೋದಾಗ ರಕ್ತ ಏನಾದ್ರೂ ಕಾಣಿಸುತ್ತಾ?"

"ಆಗಾಗ ಬರುತ್ತೆ ಕಣಮ್ಮ. ಅದು ಪೈಲ್ಸು. ಎಷ್ಟೋ ವರ್ಷದಿಂದ ಇದೆ."

"ಇರಬಹುದಣ್ಣ. ಡಾಕ್ಟರು ನೋಡಿ ಪೈಲ್ಸ್ ಅಂದ್ರಾ, ನೀವೇ ಅಂದುಕೊಂಡ್ರಾ?"

"ನೋಡೋದೇನು ಅದರಲ್ಲಿ, ಗೊತ್ತಾಗಲ್ವಾ?"

"ಪೈಲ್ಸ್ ಇದ್ದವರಿಗೂ ಒಳಗೆ ಬೇರೆ ಗಂಟು ಇರಬಹುದಣ್ಣ. ಒಂದು ಸಲ ನೋಡಿಸಿಬಿಡೋಣ. ಮಂಗಳವಾರ ನಾನೂ ಪಿಎಚ್‌ಸಿಗೆ ಹೋಗ್ತಿದ್ದೀನಿ, ಅಲ್ಲೇ ಸಿಗಿ."

ಇಲ್ಲಿ ಕ್ಯಾನ್ಸರ್ ಅನ್ನುವ ಪದ ಬಂದಿಲ್ಲ. ಮುಚ್ಚಿಡಬೇಕು ಅಂತಲ್ಲ, ಕೇಳಿದರೆ ಹೇಳಲೇಬೇಕು. ಆದರೆ ಮೊದಲ ಮಾತೇ ಹೆದರಿಕೆ ಆದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಇನ್ನೊಂದು, ಕೊನೆಯ ವಾಕ್ಯ ನೋಡಿ. "ಹೋಗಿ ತೋರಿಸಿಕೊಳ್ಳಿ" ಅಂತ ಇಲ್ಲ. ದಿನ, ಜಾಗ, ಜೊತೆ ಮೂರೂ ಇದೆ. "ಡಾಕ್ಟರು ಹಿಂದೆ ಬೆರಳು ಹಾಕಿ ನೋಡಬಹುದು, ಒಂದು ನಿಮಿಷದ ಕೆಲಸ, ಮುಜುಗರ ಬೇಡ" ಅಂತಲೂ ಮೊದಲೇ ಹೇಳಿಬಿಡಿ. ಗೊತ್ತಿಲ್ಲದೆ ಹೋದವರು ಅಲ್ಲಿಂದಲೇ ಎದ್ದು ಬರುತ್ತಾರೆ.

ಕರಪತ್ರ ಮಾಡಿಸುವುದಾದರೆ ಒಂದೇ ಪುಟ, ದೊಡ್ಡ ಅಕ್ಷರ, ಒಂದು ಫೋನ್ ನಂಬರ್ ಸಾಕು. ಊರಿನಲ್ಲಿ ಕಾಯಿಲೆಯಿಂದ ಗುಣವಾದವರು ಯಾರಾದರೂ ಮಾತಾಡಲು ಒಪ್ಪಿದರೆ ಕರಪತ್ರವೇ ಬೇಕಿಲ್ಲ. ಅಮೆರಿಕದಲ್ಲಿ 2000ನೇ ಇಸವಿಯಲ್ಲಿ ಕೇಟಿ ಕೂರಿಕ್ ಅನ್ನುವ ಟಿವಿ ನಿರೂಪಕಿ ತನ್ನ ಕೊಲೊನೋಸ್ಕೋಪಿಯನ್ನು ಟಿವಿಯಲ್ಲೇ ತೋರಿಸಿದರು. ಅವರ ಗಂಡ ಇದೇ ಕಾಯಿಲೆಯಿಂದ ತೀರಿಕೊಂಡಿದ್ದರು. ಆಮೇಲಿನ ತಿಂಗಳುಗಳಲ್ಲಿ ಪರೀಕ್ಷೆ ಮಾಡಿಸಿಕೊಳ್ಳುವವರು ಎದ್ದು ಕಾಣುವಷ್ಟು ಜಾಸ್ತಿಯಾದರು. ಜನ ನಂಬುವುದು ಅನುಭವಿಸಿದವರನ್ನು.

ಹಂತ 4: ಕಿಟ್ ಕೈಗೆ ಕೊಟ್ಟು, ಮಾಡುವುದನ್ನು ತೋರಿಸಿ

ಕಿಟ್‌ನ ಜೊತೆ ಬರುವ ಚಿತ್ರಗಳಲ್ಲಿ ಸಾಮಾನ್ಯವಾಗಿ ವೆಸ್ಟರ್ನ್ ಕಮೋಡ್ ಇರುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ಕುಕ್ಕರಗಾಲಲ್ಲಿ ಕೂರುವ ಕಕ್ಕಸು. ಅಲ್ಲಿ ಹೇಗೆ ಮಾಡುವುದು ಅಂತ ನೀವೇ ಹೇಳಿಕೊಡಬೇಕು.

ಮೊದಲು ಮೂತ್ರ ಮಾಡಿ ಮುಗಿಸಬೇಕು. ಒಣಗಿದ ಹಳೇ ಪೇಪರ್ ಅಥವಾ ಬಿಡಿಸಿದ ಪ್ಲಾಸ್ಟಿಕ್ ಕವರನ್ನು ಮಲ ಬೀಳುವ ಜಾಗದಲ್ಲಿ ಹಾಸಬೇಕು. ಮಲ ನೀರಿಗೆ ಬೀಳಬಾರದು, ತೊಳೆಯುವ ನೀರು ಅದಕ್ಕೆ ತಾಗಬಾರದು. ಅದಕ್ಕೇ ಮಾದರಿ ತೆಗೆದ ಮೇಲೆ ತೊಳೆದುಕೊಳ್ಳುವುದು ಒಳ್ಳೆಯದು. ಕಿಟ್‌ನ ಮುಚ್ಚಳ ತಿರುಗಿಸಿದರೆ ಅದಕ್ಕೆ ಅಂಟಿಕೊಂಡ ಕಡ್ಡಿ ಹೊರಬರುತ್ತದೆ. ಅದರ ತುದಿಯಲ್ಲಿ ಸಣ್ಣ ಗೀರುಗಳಿರುತ್ತವೆ. ಮಲದ ಮೇಲೆ ನಾಲ್ಕೈದು ಬೇರೆ ಬೇರೆ ಕಡೆ ಕಡ್ಡಿಯಿಂದ ಗೀಚಬೇಕು. ಗೀರು ತುಂಬಿದರೆ ಸಾಕು, ಉಂಡೆ ಬೇಡ. ಜಾಸ್ತಿ ಹಾಕಿದರೂ ಪರೀಕ್ಷೆ ಕೆಡುತ್ತದೆ. ಕಡ್ಡಿಯನ್ನು ಮತ್ತೆ ಬಾಟಲಿಗೆ ಹಾಕಿ, ಟಕ್ ಅನ್ನುವ ತನಕ ಮುಚ್ಚಿ, ಅಲ್ಲಾಡಿಸಿ. ಒಳಗಿರುವ ನೀರಿನಂಥ ದ್ರವವನ್ನು ಚೆಲ್ಲಬಾರದು. ಹೆಸರು, ವಯಸ್ಸು, ತಾರೀಖು ಬರೆಯುವುದನ್ನು ಮರೆಯಬಾರದು. ತಾರೀಖು ಇಲ್ಲದ ಮಾದರಿಯನ್ನು ಲ್ಯಾಬ್‌ನವರು ವಾಪಸ್ ಕಳಿಸಬಹುದು.

ಮುಟ್ಟಿನ ದಿನಗಳಲ್ಲಿ, ಮೂತ್ರದಲ್ಲಿ ರಕ್ತ ಇದ್ದಾಗ ಮಾಡಬಾರದು. ಬಿಸಿಲಲ್ಲಿ, ಬೈಕ್ ಡಿಕ್ಕಿಯಲ್ಲಿ ಇಟ್ಟುಕೊಂಡು ಓಡಾಡಬಾರದು, ಬಿಸಿಗೆ ರಕ್ತದ ಅಂಶ ಹಾಳಾಗಿ ಸುಳ್ಳು ನೆಗೆಟಿವ್ ಬರಬಹುದು. ಎಷ್ಟು ದಿನದೊಳಗೆ ಲ್ಯಾಬ್ ಸೇರಬೇಕು ಅನ್ನುವುದು ಕಿಟ್ ಮೇಲೆ ಬರೆದಿರುತ್ತದೆ. ಸಾಧ್ಯವಾದರೆ ಅವತ್ತೇ ತಲುಪಿಸಿ. "ಫ್ರಿಜ್‌ನಲ್ಲಿ ಇಡಿ" ಅಂದರೆ ಮನೆಯವರು ಒಪ್ಪುವುದಿಲ್ಲ, ದೇವರ ಮನೆ ಪಕ್ಕದಲ್ಲೇ ಫ್ರಿಜ್ ಇರುವ ಮನೆಗಳಲ್ಲಂತೂ ಕೇಳಲೇಬೇಡಿ. ಬೆಳಗ್ಗೆ ತೆಗೆದು ಬೆಳಗ್ಗೆಯೇ ಕೊಡುವ ವ್ಯವಸ್ಥೆ ಮಾಡಿ. ವಾರದಲ್ಲಿ ಎರಡು ದಿನ ಬೆಳಗ್ಗೆ 7ರಿಂದ 10 ಅಂಗನವಾಡಿ ಹತ್ತಿರ ಒಬ್ಬರು ನಿಂತು ತೆಗೆದುಕೊಂಡರೆ ಸಾಕು. ಕಪ್ಪು ಕವರ್ ಜೊತೆಗೇ ಕೊಡಿ. ಕೈಯಲ್ಲಿ ಹಿಡಿದು ಬರುವುದು ಕಾಣಬಾರದು ಅನ್ನುವ ಸಂಕೋಚ ಚಿಕ್ಕದಲ್ಲ.

ಹಂತ 5: ಬೆನ್ನು ಹತ್ತಿ ಕೇಳಿ

ಕಿಟ್ ತೆಗೆದುಕೊಂಡವರೆಲ್ಲ ವಾಪಸ್ ಕೊಡುವುದಿಲ್ಲ. ಅದು ಬೀರುವಿನ ಮೇಲೆ ಕೂತಿರುತ್ತದೆ. ಒಂದು ವಾರಕ್ಕೆ ಒಂದು ಫೋನ್, ಎರಡು ವಾರಕ್ಕೆ ಇನ್ನೊಂದು, ತಿಂಗಳಾದರೆ ಮನೆಗೆ ಹೋಗಿ. ಬೈಯಬೇಡಿ. "ಏನು ಕಷ್ಟ ಆಯ್ತು?" ಅಂತ ಕೇಳಿ. ಉತ್ತರ ಸಾಮಾನ್ಯವಾಗಿ ಸಣ್ಣದಿರುತ್ತದೆ. ಕಡ್ಡಿ ಬಿಚ್ಚಲು ಬರಲಿಲ್ಲ, ಸೊಸೆ ಎದುರು ಮುಜುಗರ, ಕನ್ನಡಕ ಇರಲಿಲ್ಲ.

ಈ ಸಾದಾ ಕೆಲಸಕ್ಕೆ ಎಷ್ಟು ಶಕ್ತಿ ಇದೆ ಅನ್ನುವುದಕ್ಕೆ ಗಟ್ಟಿ ಸಾಕ್ಷಿ ಇದೆ. ಅಮೆರಿಕದ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಕೈಸರ್ ಪರ್ಮನೆಂಟೆ ಅನ್ನುವ ಆರೋಗ್ಯ ಸಂಸ್ಥೆ ತನ್ನ ಸದಸ್ಯರ ಮನೆಗೆ ಪ್ರತಿ ವರ್ಷ ಫಿಟ್ ಕಿಟ್ ಅಂಚೆಯಲ್ಲಿ ಕಳಿಸಿ, ಕೊಡದವರಿಗೆ ಪತ್ರ, ಫೋನ್ ಮಾಡುತ್ತಾ ಹೋಯಿತು. 2000ದಲ್ಲಿ ಸುಮಾರು 39% ಇದ್ದ ತಪಾಸಣೆ 2015ಕ್ಕೆ ಸುಮಾರು 83% ಆಯಿತು. ಕರುಳಿನ ಕ್ಯಾನ್ಸರ್ ಸಾವು ಅರ್ಧಕ್ಕಿಂತ ಕೆಳಗಿಳಿಯಿತು. ಡೆಲವೇರ್ ರಾಜ್ಯದಲ್ಲಿ 2002ರ ನಂತರ ನರ್ಸ್‌ಗಳು ಒಬ್ಬೊಬ್ಬರ ಕೈಹಿಡಿದು ಡೇಟ್ ಕೊಡಿಸಿ, ದುಡ್ಡಿನ ದಾರಿ ಹುಡುಕಿ, ಪರೀಕ್ಷೆ ಮುಗಿಯುವ ತನಕ ಜೊತೆಗಿದ್ದರು. ಕಪ್ಪು ಜನಾಂಗದವರಲ್ಲಿ 48% ಇದ್ದ ತಪಾಸಣೆ 2009ಕ್ಕೆ 74% ಮುಟ್ಟಿ ಬಿಳಿಯರಿಗೆ ಸಮ ಆಯಿತು. ನಮ್ಮ ಆಶಾ ಕಾರ್ಯಕರ್ತೆಯರು ಬಾಣಂತಿಯರ ವಿಷಯದಲ್ಲಿ ದಿನಾ ಮಾಡುವ ಕೆಲಸ ಇದೇ. ಅವರಿಗೆ ಇದನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಆದರೆ ಅವರಿಂದ ಮಾಡಿಸುವುದಾದರೆ ಈ ಓಡಾಟಕ್ಕೂ ದುಡ್ಡು ಕೊಡಿ. ಪುಕ್ಕಟೆಯಾಗಿ ಹೊರಿಸುವುದು ನ್ಯಾಯ ಅಲ್ಲ.

ಆಯ್ಕೆ ಕೊಡುವುದೂ ಮುಖ್ಯ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕೊಲೊನೋಸ್ಕೋಪಿಯನ್ನೇ ಮಾಡಿಸಿ ಅಂತ ಹೇಳಿದಾಗ 38% ಜನ ಮಾತ್ರ ಮಾಡಿಸಿಕೊಂಡರು. ಮಲ ಪರೀಕ್ಷೆ ಅಂದಾಗ 67%, ಎರಡರಲ್ಲಿ ಯಾವುದಾದರೂ ಅಂದಾಗ 69%.

ಹಂತ 6: ಪಾಸಿಟಿವ್ ಬಂದಾಗ

ಫೋನಿನಲ್ಲಿ ಹೇಳಬೇಡಿ, ವಾಟ್ಸಾಪ್‌ನಲ್ಲಂತೂ ಬೇಡವೇ ಬೇಡ. ಮನೆಗೆ ಹೋಗಿ, ಅವರು ಯಾರು ಇರಲಿ ಅನ್ನುತ್ತಾರೋ ಅವರ ಎದುರು ಹೇಳಿ. ಪಾಸಿಟಿವ್ ಅಂದರೆ ಕ್ಯಾನ್ಸರ್ ಅಲ್ಲ. ಪೈಲ್ಸ್‌ನಿಂದಲೂ ಬರುತ್ತದೆ, ಪಾಲಿಪ್‌ನಿಂದಲೂ ಬರುತ್ತದೆ. ಪಾಸಿಟಿವ್ ಬಂದವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಆದರೆ ಒಳಗೆ ನೋಡಿಯೇ ಖಚಿತ ಮಾಡಿಕೊಳ್ಳಬೇಕು. "ಇನ್ನೊಂದು ಸಲ ಕಿಟ್ ಮಾಡಿ ನೋಡೋಣ" ಅಂತ ಮನೆಯವರು ಹೇಳುತ್ತಾರೆ. ಒಪ್ಪಬೇಡಿ. ಎರಡನೇ ಸಲ ನೆಗೆಟಿವ್ ಬಂದರೂ ಮೊದಲ ಪಾಸಿಟಿವ್ ಅಳಿಸಿ ಹೋಗುವುದಿಲ್ಲ. ಒಂದೆರಡು ತಿಂಗಳೊಳಗೆ ಕೊಲೊನೋಸ್ಕೋಪಿ ಮುಗಿಸಿ. ಹತ್ತು ತಿಂಗಳು ದಾಟಿದರೆ ಕಾಯಿಲೆ ಮುಂದುವರಿದ ಹಂತದಲ್ಲಿ ಸಿಗುವ ಅಪಾಯ ಹೆಚ್ಚು ಅಂತ ಅಧ್ಯಯನಗಳು ತೋರಿಸಿವೆ.

ಕೊಲೊನೋಸ್ಕೋಪಿಗೆ ಮೊದಲು ಹೊಟ್ಟೆ ಖಾಲಿ ಮಾಡುವ ತಯಾರಿ ಜನರಿಗೆ ಪರೀಕ್ಷೆಗಿಂತ ಕಷ್ಟ. ಆಸ್ಪತ್ರೆಯವರು ಕೊಡುವ ಚೀಟಿಯನ್ನು ನಮ್ಮ ಊಟಕ್ಕೆ ಹೊಂದಿಸಿ ಹೇಳಿ. ಒಂದೆರಡು ದಿನ ಮೊದಲಿನಿಂದ ರಾಗಿ ಮುದ್ದೆ, ಜೋಳದ ರೊಟ್ಟಿ, ಸೊಪ್ಪು, ಕಾಳು, ಸೀಬೆಹಣ್ಣು ಬೇಡ. ಬಿಳಿ ಅನ್ನ, ಇಡ್ಲಿ ಆಗುತ್ತದೆ. ಹಿಂದಿನ ದಿನ ಬರೀ ತಿಳಿ ಪದಾರ್ಥ. ಸೋಸಿದ ತಿಳಿಸಾರು, ಎಳನೀರು, ನಿಂಬೆ ಪಾನಕ, ಹಾಲಿಲ್ಲದ ಟೀ. ಮಜ್ಜಿಗೆ ಎಷ್ಟೇ ನೀರಾಗಿದ್ದರೂ ಬೇಡ. ಬೀಟ್‌ರೂಟ್‌ನಂಥ ಕೆಂಪು ಬಣ್ಣದ್ದು ಬೇಡ, ಒಳಗೆ ರಕ್ತದ ಹಾಗೆ ಕಾಣುತ್ತದೆ. ಭೇದಿಯ ಔಷಧಿಯನ್ನು ಅರ್ಧ ಹಿಂದಿನ ಸಂಜೆ, ಅರ್ಧ ಅವತ್ತಿನ ಬೆಳಗ್ಗೆ ಕುಡಿಯಲು ಕೊಡುವುದು ಈಗ ರೂಢಿ. ಕೊನೆಗೆ ಹೋಗುವುದು ಹಳದಿ ನೀರಿನ ಹಾಗಿದ್ದರೆ ತಯಾರಿ ಸರಿಯಾಗಿದೆ ಅಂತ ಅರ್ಥ. ಐರನ್ ಮಾತ್ರೆ, ಶುಗರ್ ಮಾತ್ರೆ, ಇನ್ಸುಲಿನ್, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಒಂದು ವಾರ ಮೊದಲೇ ಡಾಕ್ಟರನ್ನು ಕೇಳಬೇಕು, ತಾವೇ ನಿಲ್ಲಿಸಬಾರದು. ಜೊತೆಗೆ ಒಬ್ಬರು ಬೇಕೇ ಬೇಕು. ಮಂಪರಿನ ಇಂಜೆಕ್ಷನ್ ಕೊಟ್ಟ ಮೇಲೆ ಅವತ್ತು ಗಾಡಿ ಓಡಿಸುವ ಹಾಗಿಲ್ಲ.

ಹೊರದೇಶದಲ್ಲಿರುವ ಕನ್ನಡದವರಿಗೂ ಒಂದು ಮಾತು. ಇಂಗ್ಲೆಂಡಿನಲ್ಲಿ ಎರಡು ವರ್ಷಕ್ಕೊಮ್ಮೆ ಕಿಟ್ ಮನೆಗೇ ಉಚಿತವಾಗಿ ಬರುತ್ತದೆ. ಆದರೂ ಅಲ್ಲಿ ದಕ್ಷಿಣ ಏಷ್ಯಾದವರು ಅದನ್ನು ಮಾಡಿ ಕಳಿಸುವುದು ಬೇರೆಯವರಿಗಿಂತ ಕಡಿಮೆ. ಕನ್ನಡ ಸಂಘದ ಯುಗಾದಿ ಕಾರ್ಯಕ್ರಮ ಹೆಚ್ಚಾಗಿ ಮಾರ್ಚ್‌, ಏಪ್ರಿಲ್‌ನಲ್ಲಿ ಬರುತ್ತದೆ. ಹಲವು ದೇಶಗಳಲ್ಲಿ ಮಾರ್ಚ್ ಈ ಕ್ಯಾನ್ಸರಿನ ಜಾಗೃತಿ ತಿಂಗಳು, ಇಂಗ್ಲೆಂಡಿನಲ್ಲಿ ಏಪ್ರಿಲ್. ಊಟದ ಸಾಲಿನಲ್ಲಿ ನಿಂತಾಗ "ಮನೆಗೆ ಬಂದ ಕಿಟ್ ಕಳಿಸಿದ್ರಾ?" ಅಂತ ಹಿರಿಯರನ್ನು ಕೇಳಿ.

ಹಂತ 7: ಪುಸ್ತಕ

ಒಂದು ದಪ್ಪ ನೋಟ್‌ಬುಕ್ ಸಾಕು, ಆ್ಯಪ್ ಬೇಕಿಲ್ಲ. ಹೆಸರು, ವಯಸ್ಸು, ಕಿಟ್ ಕೊಟ್ಟ ದಿನ, ವಾಪಸ್ ಬಂದ ದಿನ, ಫಲಿತಾಂಶ, ಹೇಳಿದ ದಿನ, ಕೊಲೊನೋಸ್ಕೋಪಿ ಆದ ದಿನ, ಸಿಕ್ಕಿದ್ದೇನು, ಮುಂದಿನ ಪರೀಕ್ಷೆ ಯಾವಾಗ. ನೀವು ಲೆಕ್ಕ ಹಾಕಬೇಕಾದ್ದು ಎಷ್ಟು ಕಿಟ್ ಹಂಚಿದಿರಿ ಅಂತ ಅಲ್ಲ. ಎಷ್ಟು ವಾಪಸ್ ಬಂದವು, ಪಾಸಿಟಿವ್ ಬಂದವರಲ್ಲಿ ಎಷ್ಟು ಜನರ ಕೊಲೊನೋಸ್ಕೋಪಿ ಮುಗಿಯಿತು ಅಂತ. ಎರಡನೆಯದು ಪೂರ್ತಿ ಆಗುವ ತನಕ ಹೊಸ ಕಿಟ್ ಕೊಡುವುದನ್ನು ನಿಲ್ಲಿಸಿ.

ನೆಗೆಟಿವ್ ಬಂದವರಿಗೂ ತಿಳಿಸಿ. "ಈ ಸಲ ಏನೂ ಕಾಣಲಿಲ್ಲ, ಮುಂದಿನ ವರ್ಷ ಇದೇ ತಿಂಗಳು ಮತ್ತೆ ಮಾಡೋಣ, ನಡುವೆ ರಕ್ತ ಕಂಡರೆ ಕಾಯದೆ ಬನ್ನಿ" ಅಂತ ಚೀಟಿಯಲ್ಲಿ ಬರೆದುಕೊಡಿ. ಒಂದು ಫಿಟ್ ಎಲ್ಲ ಕ್ಯಾನ್ಸರನ್ನೂ ಹಿಡಿಯುವುದಿಲ್ಲ. ಸಮಯಕ್ಕೆ ಸರಿಯಾಗಿ ಮತ್ತೆ ಮತ್ತೆ ಮಾಡಿದರೇ ಅದರ ಪ್ರಯೋಜನ.

ಪುಸ್ತಕ ಬೀಗದೊಳಗೆ ಇರಲಿ, ಇಬ್ಬರು ಬಿಟ್ಟು ಬೇರೆ ಯಾರೂ ನೋಡಬಾರದು. ಆ ಇಬ್ಬರಲ್ಲಿ ಒಬ್ಬರು ಕೆಲಸ ಬಿಟ್ಟು ಹೋಗುವುದಾದರೆ, ಮುಂದಿನವರನ್ನು ಕೂರಿಸಿಕೊಂಡು ಬಾಕಿ ಇರುವ ಹೆಸರುಗಳನ್ನು ಒಂದೊಂದಾಗಿ ತೋರಿಸಿ, ಯಾರ ಮನೆಗೆ ಯಾವಾಗ ಹೋಗಬೇಕು ಅಂತ ಹೇಳಿ ಹೋಗಬೇಕು.